ಮಗಳು ಮೊದಲ ಸಲ ಹೋಗಿದ್ದು 11ನೇ ವಯಸ್ಸಿಗೆ

ಮಗಳು ಕಾಲೇಜಿಗೆ ಹೊರಡಲು ಇನ್ನು 19 ದಿನ ಇದೆ. ದಿನ ಎಣಿಸುತ್ತಾ ಕೂತಿಲ್ಲ ಅಂತ ಹೆಂಡತಿಗೆ ಹೇಳಿದ್ದೇನೆ. ಅವಳು ನಂಬಿಲ್ಲ.

ಸಿಕ್ಕವರೆಲ್ಲ ಮನೆ ಭಣಗುಡುತ್ತೆ ಅಂತ ಹೆದರಿಸುತ್ತಿದ್ದಾರೆ. ಗುಡಲಿ ಬಿಡಿ, ಅದಕ್ಕೆ ನಾನು ತಯಾರಾಗಿದ್ದೇನೆ. ನನ್ನ ಕಷ್ಟ ಬೇರೆ. ಅವಳು ಒಂದು ಸಲ ಆಗಲೇ ಹೋಗಿಯಾಗಿದೆ, ಅವಳಿಗೆ 11 ವರ್ಷ ಆಗಿದ್ದಾಗ. ಅವತ್ತು ನಾನೇ ಬಾಗಿಲು ತೆಗೆದು ಕಳಿಸಿದ್ದು, ಅದೂ ಗೊತ್ತೇ ಆಗದ ಹಾಗೆ.

ಅವತ್ತು ಸಂಜೆ ಬಂದು ಕೇಳಿದಳು, ಎರಡರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯೋಕೆ ಯಾಕೆ ಆಗಲ್ಲ ಅಂತ. ಆಗಲ್ಲ ಅಷ್ಟೇ, ಪುಸ್ತಕದಲ್ಲಿದೆ ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದಳು. ಸುಮಾರು ಹೊತ್ತಾದ ಮೇಲೆ ಒಂದು ಹಾಳೆ ಹಿಡಿದು ಬಂದಳು. ಒಂದು ಮಗ್ಗುಲು ಪ್ರಿಂಟ್ ಆದ ಹಾಳೆ, ಆಫೀಸಿನಿಂದ ಅವಳಿಗೆ ಅಂತಲೇ ನಾನು ತರುತ್ತಿದ್ದದ್ದು. ಖಾಲಿ ಮಗ್ಗುಲಿನಲ್ಲಿ ಪೆನ್ಸಿಲ್ಲಿನಲ್ಲಿ ಏಳೆಂಟು ಸಾಲು. ಭಿನ್ನರಾಶಿಯಾಗಿ ಬರೆಯಬಹುದು ಅಂತಲೇ ಇಟ್ಟುಕೋ ಅಪ್ಪ, ಇನ್ನು ಚಿಕ್ಕದು ಮಾಡೋಕೆ ಆಗದಷ್ಟು ಚಿಕ್ಕದು ಮಾಡಿ ಬರೆದಿದ್ದೀವಿ ಅಂತಲೂ ಇಟ್ಟುಕೋ, ಆಮೇಲೆ ನೋಡು, ಮೇಲಿನದೂ ಸಮಸಂಖ್ಯೆ ಆಗುತ್ತೆ, ಕೆಳಗಿನದೂ ಸಮಸಂಖ್ಯೆ ಆಗುತ್ತೆ, ಅಂದರೆ ಇನ್ನೂ ಎರಡರಿಂದ ಹೊಡೀಬಹುದಿತ್ತಲ್ವಾ, ಹಾಗಾದರೆ ನಾವು ಮೊದಲು ಅಂದುಕೊಂಡಿದ್ದೇ ಸುಳ್ಳು! ಒಂದೇ ಉಸಿರಿನಲ್ಲಿ ಹೇಳಿದಳು.

ನಾನು ಮೂರನೇ ಸಾಲಿನವರೆಗೆ ಓದಿದೆ. ಅಲ್ಲಿ ಸಿಕ್ಕಿಬಿದ್ದೆ. ಆದರೂ ತಲೆಯಾಡಿಸಿ ಜಾಣೆ, ಜಾಣೆ ಅಂದೆ.

ಪೂರ್ತಿ ಓದದೆ ತಲೆಯಾಡಿಸಿದ್ದನ್ನು ಅವಳು ನೋಡಿಬಿಟ್ಟಳು. ಏನೂ ಅನ್ನಲಿಲ್ಲ. ಅವತ್ತಿನಿಂದ ನನ್ನ ಹತ್ತಿರ ಉತ್ತರ ಮಾತ್ರ ತರುತ್ತಿದ್ದಳು, ಹಾಳೆ ತರುತ್ತಿರಲಿಲ್ಲ. ಏನು ಮಾಡ್ತಿದ್ದೀಯ ಅಂತ ಕೇಳಿದರೆ, "ಬೋರು ಅಪ್ಪ, ಬಿಡು" ಅನ್ನುತ್ತಿದ್ದಳು. ಅವಳಿಗೆ ಬೋರಾಗಿರಲಿಲ್ಲ. ನನ್ನ ಮರ್ಯಾದೆ ಕಾಪಾಡುತ್ತಿದ್ದಳು.

ಆಮೇಲೆ ನಾನು ಏನು ಮಾಡಿದೆ ಅಂದರೆ, ದೊಡ್ಡದು ಕೈಗೆ ಸಿಗಲ್ಲ ಅಂತ ಗೊತ್ತಾದ ಮೇಲೆ ಸಣ್ಣದನ್ನೆಲ್ಲ ಹಿಡಿದುಕೊಂಡೆ. ಬೆಳಿಗ್ಗೆ ಎಬ್ಬಿಸೋದು ನಾನು. ಫಾರಂ ತುಂಬೋದು ನಾನು. ಕನ್ನಡಕ ಹುಡುಕಿಕೊಡೋದು, ಬ್ಯಾಗಿನಲ್ಲಿ ನೀರಿನ ಬಾಟಲಿ ಇಡೋದು, ಎಲ್ಲ ನಾನೇ. ವಯಸ್ಸಿಗೆ ಮೀರಿದ ಬುದ್ಧಿಯ ಇಂಥ ಮಕ್ಕಳದು ಅಸಮ ಬೆಳವಣಿಗೆ ಅಂತಾರೆ ಬಲ್ಲವರು. ತಲೆ ಒಂದು ವಯಸ್ಸಿನಲ್ಲಿರುತ್ತೆ, ಮನಸ್ಸು ಇನ್ನೊಂದರಲ್ಲಿ, ಕೈಕಾಲು ಮತ್ತೊಂದರಲ್ಲಿ. ನಿಜ. ಆದರೆ ನಮ್ಮ ಮನೇಲಿ ಅದರಲ್ಲಿ ಒಂದು ಪಾಲು ನನ್ನದೇ ಕಿತಾಪತಿ. ಮೂರು ಅಲಾರಂ ಹೊಡೆದರೂ ಏಳದ ಹುಡುಗಿ ನಾನು ಭುಜ ಮುಟ್ಟಿದರೆ ಏಳುತ್ತಾಳೆ ಅನ್ನೋದು ನನಗೆ ಒಳಗೊಳಗೇ ಖುಷಿ ಕೊಡುತ್ತಿತ್ತು. ಅವಳು ಅದನ್ನು ಕಲಿಯೋದು ನನಗೆ ಬೇಕಾಗಿರಲಿಲ್ಲ. ಇದನ್ನು ಬರೆಯೋಕೆ ನಾಚಿಕೆಯಾಗುತ್ತೆ.

ಜನ ಬೇರೆ ಕೇಳುತ್ತಾರೆ, ಹೇಗೆ ಬೆಳೆಸಿದ್ರಿ ಅಂತ! ಆಗೆಲ್ಲ ನನಗೆ ನಾರ್ಬರ್ಟ್ ವೀನರ್ ನೆನಪಾಗುತ್ತಾನೆ. ಯಂತ್ರಗಳು, ಜೀವಿಗಳು ತಮ್ಮನ್ನು ತಾವೇ ಹೇಗೆ ನಿಯಂತ್ರಿಸಿಕೊಳ್ಳುತ್ತವೆ ಅಂತ ನೋಡುವ ಸೈಬರ್ನೆಟಿಕ್ಸ್ ಶುರು ಮಾಡಿದ ಗಣಿತಜ್ಞ. 11ನೇ ವಯಸ್ಸಿಗೆ ಕಾಲೇಜು ಸೇರಿದ, 1913ರಲ್ಲಿ 18 ವರ್ಷದವನಾಗಿದ್ದಾಗ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ. ಅವನ ಅಪ್ಪ ಮಾತ್ರ, ಹುಡುಗನಲ್ಲಿ ವಿಶೇಷ ಏನಿಲ್ಲ, ಎಲ್ಲ ನಾನು ಕಲಿಸಿದ ರೀತಿ ಅಂತ ಊರಿಗೆಲ್ಲ ಹೇಳಿದ. ಗೆದ್ದರೆ ಅಪ್ಪನ ಲೆಕ್ಕಕ್ಕೆ, ಸೋತರೆ ತನ್ನ ಲೆಕ್ಕಕ್ಕೆ ಅನ್ನೋ ಹಾಗಾಯ್ತು ಅಂತ ಮಗ ಎಷ್ಟೋ ವರ್ಷದ ಮೇಲೆ ನೊಂದು ಬರೆದುಕೊಂಡ. ಹಾಗಾಗಿ ಯಾರಾದರೂ ಕೇಳಿದರೆ ನಾನು ಹಾಳೆ ತಂದುಕೊಟ್ಟೆ ಅಷ್ಟೇ ಅನ್ನುತ್ತೇನೆ. ವಿನಯ ಅಂದುಕೊಳ್ಳುತ್ತಾರೆ.

ಹೋದ ಭಾನುವಾರ ಅವಳಿಗೆ ವಾಷಿಂಗ್ ಮೆಷೀನ್ ಕಲಿಸಲು ಕೂತೆ. ಬಟ್ಟೆಯ ಪಟ್ಟಿಯಲ್ಲಿ ಒಂದು ಪುಟ್ಟ ಬಕೆಟ್ ಚಿತ್ರ ಇರುತ್ತಲ್ಲ, ಅದರೊಳಗಿನ ಅಂಕಿ ನೀರಿನ ಬಿಸಿ ಎಷ್ಟರವರೆಗೆ ಇರಬಹುದು ಅಂತ ಹೇಳುತ್ತೆ, ಬಕೆಟ್ ಮೇಲೆ ಕಾಟು ಹಾಕಿದ್ದರೆ ಒಗೆಯಲೇಬಾರದು ಅಂತ ಶುರು ಮಾಡಿದೆ. ಹೊಸ ನೀಲಿ ಬಟ್ಟೆ ಬೇರೆ, ಬಿಳಿ ಬೇರೆ ಅಂದೆ. ಮೊದಲ ಗುಂಡಿ ಹೇಳಿದೆ. ಎರಡನೇ ಗುಂಡಿ ಇನ್ನೂ ಹೇಳುತ್ತಿದ್ದೇನೆ, ಅವಳು ತಲೆಯಾಡಿಸಿದಳು. ಹೂಂ, ಗೊತ್ತಾಯ್ತು.

ಎದೆ ಧಸಕ್ ಅಂತು. ಗೊತ್ತಾಗಿರಲಿಲ್ಲ ಅವಳಿಗೆ. ಆ ತಲೆಯಾಡಿಸುವುದು ನನ್ನದು. ಗುರುತು ಸಿಗದೇ ಇರುತ್ತಾ?

ಹುಟ್ಟಿದಾಗಿನಿಂದ ಜಾಣೆ ಅನ್ನಿಸಿಕೊಂಡ ಮಗು, ಗೊತ್ತಾಗಲಿಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತೆ? ಇದರ ಬಗ್ಗೆ 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದ್ದರು. ಐದನೇ ತರಗತಿ ಮಕ್ಕಳಿಗೆ ಚಿತ್ರದ ಒಗಟು ಕೊಟ್ಟು, ಕೆಲವರಿಗೆ ನೀನು ಜಾಣ ಅಂದರು, ಕೆಲವರಿಗೆ ಚೆನ್ನಾಗಿ ಕಷ್ಟಪಟ್ಟೆ ಅಂದರು. ಆಮೇಲೆ ಬೇಕಂತಲೇ ಕಠಿಣವಾದ ಒಗಟು ಕೊಟ್ಟು ಸೋಲಿಸಿ, ಮತ್ತೆ ಮೊದಲಿನಷ್ಟೇ ಸುಲಭದ ಒಗಟು ಕೊಟ್ಟರು. ಜಾಣ ಅನ್ನಿಸಿಕೊಂಡವರು ಮೊದಲಿಗಿಂತ ಕೆಟ್ಟದಾಗಿ ಮಾಡಿದರು. ಅಂಕ ಎಷ್ಟು ಬಂತು ಅಂತ ಕೇಳಿದರೆ ಜಾಸ್ತಿ ಹೇಳಿ ಸುಳ್ಳಾಡಿದವರೂ ಆ ಗುಂಪಿನಲ್ಲೇ ಹೆಚ್ಚು. ಇದನ್ನು ನಾನು ಓದಿದ್ದು ಹೋದ ವರ್ಷ. ಅಷ್ಟು ಹೊತ್ತಿಗೆ ನಾನು ಜಾಣೆ ಅಂದಿದ್ದು ಎಷ್ಟು ಸಾವಿರ ಸಲವೋ.

ಕಾಲೇಜಿಗೆ ಹೋದ ಮೇಲೆ ಅಲ್ಲಿ ಅವಳಂಥವರೇ ತುಂಬಿರುತ್ತಾರೆ. ಮೊದಲ ಸಲ ಏನೋ ಒಂದು ತಲೆಗೆ ಹತ್ತಲ್ಲ. ಆಗ ಇವಳು ಎಲ್ಲರ ನಡುವೆ ಕೂತು ತಲೆಯಾಡಿಸುತ್ತಾಳೆ. ನನಗೆ ರಾತ್ರಿ ನಿದ್ದೆ ಬರದೆ ಇರೋದು ಇದಕ್ಕೆ. ಊಟ ಮಾಡಿದಳಾ ಮಲಗಿದಳಾ ಅನ್ನೋ ಚಿಂತೆ ಎಲ್ಲ ಆಮೇಲಿನದು.

ಮೆಷೀನ್ ಅಲ್ಲೇ ಬಿಟ್ಟು ಒಳಗೆ ಹೋದೆ. ಡ್ರಾಯರಿನಲ್ಲಿ ಅಂಥ ಹಾಳೆಗಳ ಕಟ್ಟು ಇನ್ನೂ ಇದೆ. ಒಂದು ಹಾಳೆ, ಪೆನ್ಸಿಲ್ ತಂದು ಅವಳ ಮುಂದಿಟ್ಟೆ. ಆ ಎರಡರ ವರ್ಗಮೂಲದ್ದು ಇನ್ನೊಂದ್ಸಲ ತೋರಿಸು ಅಂದೆ. ಈಗ್ಯಾಕಪ್ಪ ಅಂತ ನಕ್ಕಳು. ಸುಮ್ನೆ ತೋರಿಸು. ಬರೆದಳು, ಮೊದಲಿಗಿಂತ ಚಕಚಕ. ಮೂರನೇ ಸಾಲು ಬಂತು.

ನಿಲ್ಲು, ಇಲ್ಲಿ ನನಗೆ ಗೊತ್ತಾಗಲಿಲ್ಲ ಅಂದೆ. ಒಂದು ಸಂಖ್ಯೆಯ ವರ್ಗ ಸಮ ಆದರೆ ಆ ಸಂಖ್ಯೆನೂ ಸಮ ಯಾಕೆ ಆಗಬೇಕು?

ಅವಳು ಪೆನ್ಸಿಲ್ ಹಿಡಿದಿದ್ದ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಬೆಸಕ್ಕೆ ಬೆಸ ಗುಣಿಸಿದರೆ ಬೆಸ ತಾನೇ ಬರೋದು? ಮೂರ್ಮೂರ್ಲಿ ಒಂಬತ್ತು. ಐದೈದ್ಲಿ ಇಪ್ಪತ್ತೈದು. ಹಾಗಾದರೆ ವರ್ಗ ಸಮ ಬರಬೇಕಾದರೆ..."

"ಓ."

"ಅವತ್ತು ನಿನಗೆ ಗೊತ್ತಾಗದೆ ಇದ್ದದ್ದು ಇಷ್ಟೇನಾ?"

"ಇಷ್ಟೇ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವಳು ಹಾಳೆಯ ಮೂಲೆಯಲ್ಲಿ ಏನೋ ಗೀಚುತ್ತಾ ಕೂತಿದ್ದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಅಪ್ಪ, ಆ ಎರಡನೇ ಗುಂಡಿ ಏನಂದೆ?"