ಒಂದು ಉಸಿರಿಗೆ ಒಂದು ಮಂತ್ರ: ನಸುಕಿನ 5 ನಿಮಿಷದ ಜಪ

ಜಪ ಶುರು ಮಾಡಿ ಬಿಟ್ಟವರನ್ನು ಯಾಕೆ ಬಿಟ್ರಿ ಅಂತ ಕೇಳಿದರೆ ಕಲಬುರಗಿ ಕಡೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಮನಸ್ಸು ನಿಲ್ಲಂಗಿಲ್ರೀ." ಮನಸ್ಸು ಯಾರದ್ದೂ ನಿಲ್ಲುವುದಿಲ್ಲ, ವರ್ಷಗಟ್ಟಲೆ ಮಾಲೆ ತಿರುಗಿಸಿದವರದ್ದೂ ಅಷ್ಟೇ. ಜಪ ಕೈಬಿಟ್ಟುಹೋಗುವುದಕ್ಕೆ ಕಾರಣ ಬೇರೆ. ಮೊದಲ ದಿನವೇ ನೂರೆಂಟು ಮುಗಿಸಬೇಕೆಂಬ ಹಟ. ಹಟಕ್ಕೆ ಬಿದ್ದು ಮಂತ್ರ ಓಡುತ್ತದೆ. ಮಂತ್ರದ ಬೆನ್ನಿಗೆ ಉಸಿರೂ ಓಡುತ್ತದೆ. ಗಂಜಿನಲ್ಲಿ (ಕಾಳುಕಡಿಯ ಮಾರುಕಟ್ಟೆಯಲ್ಲಿ) ತೊಗರಿ ರೇಟು ಬಿದ್ದ ದಿನ, ಮಗಳ ನೀಟ್ ಫಲಿತಾಂಶದ ಹಿಂದಿನ ರಾತ್ರಿ ಮೈ ಹೇಗೆ ಎದೆಯ ಮೇಲ್ಭಾಗದಲ್ಲೇ ಉಸಿರಾಡುತ್ತದೋ, ಅವಸರದ ಜಪದಲ್ಲೂ ಹಾಗೇ ಆಡುತ್ತದೆ. ಎದ್ದಾಗ ತಲೆ ಹಗುರಾಗುವುದಾದರೂ ಹೇಗೆ?

ಆದ್ದರಿಂದ ಒತ್ತಡ ಇಳಿಸಲು ಜಪಕ್ಕೆ ಕೂಡುವವರು ಮೊದಲು ಹಿಡಿಯಬೇಕಾದದ್ದು ಉಸಿರಿನ ಲೆಕ್ಕ. ನಿಮಿಷಕ್ಕೆ 6 ಉಸಿರು, ಉಸಿರಿಗೆ ಒಂದು ಮಂತ್ರ. ಸುಮಾರು 4 ಸೆಕೆಂಡು ಸುಮ್ಮನೆ ಉಸಿರು ಒಳಗೆ, 6 ಸೆಕೆಂಡು ಮಂತ್ರದ ಜೊತೆ ಹೊರಗೆ. ಒಟ್ಟು 10 ಸೆಕೆಂಡು. ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು 6ಕ್ಕೆ ಇಳಿಸುವ ಕೆಲಸ ಮಂತ್ರದ್ದು. ಗಡಿಯಾರ ನೋಡಿ ಉಸಿರು ನಿಧಾನ ಮಾಡಲು ಹೋದರೆ ಎರಡು ನಿಮಿಷಕ್ಕೆ ಬೇಸರ ಬರುತ್ತದೆ. ಮಂತ್ರವಾದರೆ ತನ್ನ ಉದ್ದಕ್ಕೆ ತಕ್ಕಂತೆ ಉಸಿರನ್ನು ತಾನೇ ಎಳೆದು ಬಿಡಿಸುತ್ತದೆ.

ಇದರ ಪುರಾವೆ ನಿಮ್ಮ ಮಣಿಕಟ್ಟಿನಲ್ಲೇ ಇದೆ. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರು ಎಳೆಯುವಾಗ ಬಡಿತ ತುಸು ಚುರುಕಾಗುತ್ತದೆ, ನಿಧಾನಕ್ಕೆ ಬಿಡುವಾಗ ತುಸು ತಡವಾಗುತ್ತದೆ. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಹಾಕುವ ಬ್ರೇಕು ಅದು. ಬಿಡುವ ಉಸಿರು ಉದ್ದವಾದಷ್ಟೂ ಬ್ರೇಕಿನ ಹೊತ್ತು ಹೆಚ್ಚು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. 23 ಮಂದಿಗೆ ಕ್ರೈಸ್ತರ ಲ್ಯಾಟಿನ್ ಜಪಸರದ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಹೂಂ' ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡದ ಏರಿಳಿತಕ್ಕೆ ಹೃದಯ ಸ್ಪಂದಿಸುವ ಶಕ್ತಿಯೂ ಸುಧಾರಿಸಿತು. ಧರ್ಮ ಬೇರೆ, ಭಾಷೆ ಬೇರೆ, ಉಸಿರಿನ ಲಯ ಒಂದೇ.

ಹಾಗಾದರೆ ಯಾವ ಮಂತ್ರ? ನಿಮ್ಮ ಮನೆಯಲ್ಲಿ, ನಿಮ್ಮ ಅವ್ವನ ಬಾಯಲ್ಲಿ ಮೊದಲೇ ಇದ್ದ ಮಂತ್ರ. ಇದು ನಮ್ಮ ಗಟ್ಟಿ ಅಭಿಪ್ರಾಯ. ಹೊಸ ಮಂತ್ರ ಹುಡುಕುತ್ತ ವಾರಕ್ಕೊಂದು ಬದಲಿಸುವವರಿಗೆ ಯಾವುದೂ ನಾಲಿಗೆಗೆ ಹತ್ತುವುದಿಲ್ಲ. ಶರಣಬಸವೇಶ್ವರರ ಗುಡಿಗೆ ನಡೆದುಕೊಳ್ಳುವ ಮನೆಗಳಲ್ಲಿ 'ಓಂ ನಮಃ ಶಿವಾಯ' ತಾನಾಗಿ ಬರುತ್ತದೆ. ಅದರ 6 ಅಕ್ಷರ 6 ಸೆಕೆಂಡಿಗೆ ಅಳೆದು ಹೊಲಿದಂತೆ ಕೂಡುತ್ತದೆ. ಬಸವಕಲ್ಯಾಣದ ಕಡೆ ಬಹಳ ಮಂದಿ 'ಓಂ ಶ್ರೀ ಗುರು ಬಸವಲಿಂಗಾಯ ನಮಃ' ಅನ್ನುತ್ತಾರೆ. 12 ಅಕ್ಷರ ಇದ್ದರೂ ಒಂದು ಉಸಿರಿಗೆ ಅವಸರವಿಲ್ಲದೆ ಆಗುತ್ತದೆ. ಗಾಣಗಾಪುರದ ದತ್ತಭಕ್ತರ 'ದಿಗಂಬರಾ ದಿಗಂಬರಾ ಶ್ರೀಪಾದ ವಲ್ಲಭ ದಿಗಂಬರಾ' 18 ಅಕ್ಷರ. ಭಜನೆಗೆ ಅದಕ್ಕಿಂತ ಚೆಂದದ್ದಿಲ್ಲ, ಆದರೆ ಹೊಸಬರಿಗೆ ಒಂದು ಉಸಿರಿಗೆ ಉದ್ದವಾಗುತ್ತದೆ. ಶುರುವಿಗೆ 'ಗುರುದೇವ ದತ್ತ' ಸಾಕು. ಬೌದ್ಧರಿಗೆ 'ಬುದ್ಧಂ ಶರಣಂ ಗಚ್ಛಾಮಿ' ಸರಿಯಾದ ಅಳತೆ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗುವವರಿಗೆ 'ವಾಹೆಗುರು' ಇದೆ. ಬಂದೇ ನವಾಜರ ದರ್ಗಾದ ಊರಿನಲ್ಲಿ ಜಿಕ್ರ್ (ದೇವರ ಹೆಸರಿನ ಸ್ಮರಣೆ), ತಸ್ಬೀಹ್ (ಜಪಮಾಲೆ) ಏನೆಂದು ಹೇಳಿಕೊಡಬೇಕಿಲ್ಲ. ದೇವರ ಹೆಸರೇ ಬೇಡ ಅನ್ನುವವರು 'ಶಾಂತಿ' ಎಂಬ ಎರಡಕ್ಷರವನ್ನು ಎಳೆದು ಹೇಳಿದರೂ ಉಸಿರಿನ ಕೆಲಸ ನಡೆಯುತ್ತದೆ. 'ಹ್ರೀಂ', 'ಕ್ಲೀಂ'ನಂಥ ಬೀಜಾಕ್ಷರ ತುಂಬಿದ ಮಂತ್ರಗಳನ್ನು ಮಾತ್ರ ಮೊಬೈಲ್ ನೋಡಿ ಹಿಡಿಯಬೇಡಿ, ಅವು ಗುರುಮುಖದಿಂದ ಬರಬೇಕಾದವು.

ಉಚ್ಚಾರದ ಒಂದು ಮಾತು. 'ನಮಃ'ದ ವಿಸರ್ಗವನ್ನು ಅವಸರದಲ್ಲಿ ನುಂಗಿಬಿಡುತ್ತಾರೆ. ಆ 'ಹ'ಕಾರದಲ್ಲಿ ಎದೆಯೊಳಗಿನ ಉಸಿರು ಸಡಿಲವಾಗಿ ಹೊರಬೀಳುತ್ತದೆ, ಅದನ್ನು ಬಿಡಬಾರದು. 'ನಮಶ್ಶಿವಾಯ' ಎಂದು ಕೂಡಿಸಿ ಹೇಳುವುದೂ ಸಂಧಿಯ ಪ್ರಕಾರ ಸರಿಯೇ. ಮನೆಯಲ್ಲಿ ಹಾಗೆ ಕಲಿತವರು ಬದಲಿಸುವುದು ಬೇಡ.

ಕೂಡುವ ಜಾಗಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಮನೆಯಲ್ಲಿ ಶಹಾಬಾದ್ ಪರಸಿ ನೆಲ ಇದ್ದರೆ ಚಳಿಗಾಲದಲ್ಲಿ ಬರೀ ನೆಲದ ಮೇಲೆ ಕೂಡಬೇಡಿ, ಸೊಂಟ ಹಿಡಿಯುತ್ತದೆ. ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಹಿಂದಿನ ಅಂಚಿನ ಕೆಳಗೆ ಇನ್ನೊಂದು ಮಡಿಕೆ ತುರುಕಿ. ಕುಂಡಿ ಮೊಣಕಾಲಿಗಿಂತ ಮೂರು ನಾಲ್ಕು ಬೆರಳು ಎತ್ತರವಿರಬೇಕು. ಆಗ ಸೊಂಟ ತಾನೇ ನೆಟ್ಟಗಾಗುತ್ತದೆ, ಕಾಲಿನ ನರದ ಮೇಲೆ ಭಾರ ಬಿದ್ದು ಜೋಮು ಹಿಡಿಯುವುದು ಕಡಿಮೆಯಾಗುತ್ತದೆ. ಮೊಣಕಾಲು ನೋವಿದ್ದವರು ಖುರ್ಚಿಯ ಮೇಲೆ ಕೂತು ಪಾದ ನೆಲಕ್ಕೆ ಊರಲಿ. ಅದರಿಂದ ಜಪಕ್ಕೇನೂ ಕಡಿಮೆಯಿಲ್ಲ.

ಹೊತ್ತಿನ ವಿಷಯದಲ್ಲಿ ನಮ್ಮ ಜಿಲ್ಲೆಗಳ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಏಪ್ರಿಲ್, ಮೇನಲ್ಲಿ ಕಲಬುರಗಿ, ಯಾದಗಿರಿಯ ಆರ್‌ಸಿಸಿ ಮನೆಗಳ ಛತ್ತು ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ. ಸಂಜೆ ಒಳಗೆ ಕೂತರೆ ಬೆವರು ಒರೆಸುವುದರಲ್ಲೇ ಹೊತ್ತು ಹೋಗುತ್ತದೆ. ಬೇಸಿಗೆಗೆ ನಸುಕಿನ ಐದು ಗಂಟೆ ಒಳ್ಳೆಯದು, ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲರಿಂದ ಒಂದು ಗಂಟೆ ಇರುತ್ತದೆ. ಬೀದರಿನ ಡಿಸೆಂಬರ್ ಥಂಡಿಯಲ್ಲಿ ಅಷ್ಟು ಬೇಗ ಏಳುವ ಹಟ ಬೇಡ; ನಡುಗುವ ಮೈಯಲ್ಲಿ ಉಸಿರು ನಿಧಾನವಾಗುವುದಿಲ್ಲ. ಆರೂವರೆಗೆ ಶಾಲು ಹೊದ್ದು ಕೂಡಿ. ಎದ್ದು ಮುಖ ತೊಳೆದು ಎರಡು ಗುಟುಕು ನೀರು ಕುಡಿದರೆ ಸಾಕು, ಚಹಾ ಆಮೇಲೆ. ಊಟದ ನಂತರವಾದರೆ ಎರಡು ತಾಸು ಬಿಡಿ. ರೊಟ್ಟಿ ಉಂಡು ಕೂತವರಿಗೆ ಜಪಕ್ಕಿಂತ ಮೊದಲು ನಿದ್ದೆ ಬರುತ್ತದೆ.

ಎಣಿಸಲು ಮೊಬೈಲ್ ಆ್ಯಪ್ ಬೇಡ. ಪರದೆ ಬೆಳಗಿದ ಕೂಡಲೇ ಅದರ ಮೇಲಿನ ಮೆಸೇಜ್ ಕಣ್ಣಿಗೆ ಬೀಳುತ್ತದೆ, ಅಲ್ಲಿಗೆ ಜಪ ಮುಗಿಯಿತು. ಬಲಗೈ ಸಾಕು, ಹೆಬ್ಬೆರಳಿನ ತುದಿಯಿಂದ ಮುಟ್ಟುತ್ತ ಹೋಗಿ. ಉಂಗುರ ಬೆರಳಿನ ನಡುಗೆಣ್ಣು ಒಂದು, ಅದರ ಬುಡ ಎರಡು. ಕಿರುಬೆರಳಿನ ಬುಡ ಮೂರು, ನಡು ನಾಲ್ಕು, ತುದಿ ಐದು. ಉಂಗುರ ಬೆರಳಿನ ತುದಿ ಆರು, ನಡುಬೆರಳಿನ ತುದಿ ಏಳು. ತೋರುಬೆರಳಿನ ತುದಿ ಎಂಟು, ನಡು ಒಂಬತ್ತು, ಬುಡ ಹತ್ತು. ನಡುಬೆರಳಿನ ಉಳಿದೆರಡು ಗೆಣ್ಣು ಮೇರು, ಅವನ್ನು ಮುಟ್ಟುವುದಿಲ್ಲ. ಇದಕ್ಕೆ ಕರಮಾಲೆ ಅನ್ನುತ್ತಾರೆ. ಒಂದು ಸುತ್ತು ಮುಗಿದಾಗ ಎಡಗೈಯ ಒಂದು ಬೆರಳು ಮಡಿಸಿ. ಮೂರು ಬೆರಳು ಮಡಿಸಿದಾಗ 30 ಉಸಿರು, ಸರಿಯಾಗಿ 5 ನಿಮಿಷ. ಶುರುವಿಗೆ ಇಷ್ಟೇ. ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂಡುವವರಿಗೆ ಮಡಿಸಲು ಕೈ ಇರುವುದಿಲ್ಲವಾದ್ದರಿಂದ ಬಲಗೈಗೆ 27 ಮಣಿಯ ಸಣ್ಣ ರುದ್ರಾಕ್ಷಿ ಮಾಲೆ ಅನುಕೂಲ. ಮಾಲೆಯನ್ನು ನಡುಬೆರಳ ಮೇಲೆ ಇಳಿಬಿಟ್ಟು ಹೆಬ್ಬೆರಳಿಂದ ಒಂದೊಂದೇ ಮಣಿಯನ್ನು ತಮ್ಮ ಕಡೆ ಎಳೆಯುವುದು, ತೋರುಬೆರಳನ್ನು ದೂರ ಇಡುವುದು, ಮೇರು (ಮಾಲೆಯ ಗಂಟಿನ ಬಳಿಯ ತುದಿಮಣಿ) ಬಂದರೆ ದಾಟದೆ ತಿರುಗುವುದು ಪದ್ಧತಿ. ನಮ್ಮ ಬೇಸಿಗೆಯ ಬೆವರಿಗೆ ಮಾಲೆಯ ದಾರ ಬೇಗ ಕೊಳೆಯುತ್ತದೆ, ಸಡಿಲವಾದ ಕೂಡಲೇ ಮತ್ತೆ ಪೋಣಿಸಿಕೊಳ್ಳಿ.

ಮೊದಲ ಎರಡು ವಾರ ಮಂತ್ರ ಬಾಯಿಬಿಟ್ಟು ಮೆಲ್ಲಗೆ ಹೇಳಿ. ಆಮೇಲೆ ತುಟಿಯಷ್ಟೇ ಆಡಲಿ, ದನಿ ನಿಮ್ಮ ಕಿವಿಗೂ ಕೇಳಿಯೂ ಕೇಳದಷ್ಟು. ಅದು ಕೂಡಿಬಂದ ಮೇಲೆ ಮನಸ್ಸಿನಲ್ಲಿ. ವಾಚಿಕ, ಉಪಾಂಶು, ಮಾನಸಿಕ ಎಂದು ಹಿರಿಯರು ಹೇಳಿದ ಮೂರು ಮೆಟ್ಟಿಲು ಇವೇ. ಮಾನಸಿಕ ಜಪ ಎಲ್ಲಕ್ಕಿಂತ ಮೇಲು ಎಂದು ಕೇಳಿ ಮೊದಲ ದಿನವೇ ಅಲ್ಲಿಗೆ ಹಾರುವವರಿಗೆ ಹಿಡಿಯಲು ಏನೂ ಇರುವುದಿಲ್ಲ, ನಾಲ್ಕನೇ ಮಂತ್ರಕ್ಕೆ ಮನಸ್ಸು ಬಸ್‌ಸ್ಟ್ಯಾಂಡ್ ಸೇರಿರುತ್ತದೆ. ತೂಕಡಿಕೆ ಬಂದ ದಿನ, ತಲೆ ಕುದಿಯುವ ದಿನ ಹಿಂದೆಮುಂದೆ ನೋಡದೆ ಗಟ್ಟಿ ದನಿಗೆ ಇಳಿದುಬಿಡಿ.

ಮನಸ್ಸು ಹೋಯಿತೆಂದು ಗೊತ್ತಾದ ಕ್ಷಣ ಏನು ಮಾಡಬೇಕು? ಬೈದುಕೊಳ್ಳಬಾರದು, ಮೊದಲಿಂದ ಎಣಿಸಲೂಬಾರದು. ಹೆಬ್ಬೆರಳು ಯಾವ ಗೆಣ್ಣಿನ ಮೇಲಿದೆಯೋ ಅಲ್ಲಿಂದಲೇ ಮುಂದಿನ ಉಸಿರಿಗೆ ಮಂತ್ರ ಹಚ್ಚಿ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಹೋಗಿ ಇಪ್ಪತ್ತು ಸಲ ಬಂದರೆ ಆ ದಿನದ ಜಪ ಚೆನ್ನಾಗಿಯೇ ಆಯಿತು. ಮೊದಮೊದಲ ದಿನಗಳಲ್ಲಿ ವಿಚಾರಗಳು ಮೊದಲಿಗಿಂತ ಹೆಚ್ಚಾದವೆಂದು ಬಹಳ ಜನ ಹೆದರುತ್ತಾರೆ. ಹೆಚ್ಚಾದದ್ದಲ್ಲ, ಈಗ ಕಾಣಿಸುತ್ತಿವೆ.

ಕೆಡುವುದು ಎಲ್ಲೆಲ್ಲಿ ಎಂದು ಹೇಳಲೇಬೇಕು. ತಲೆ ಸುತ್ತಿ ಬೆರಳ ತುದಿ ಜುಮ್ಮೆಂದರೆ ನೀವು ನಿಧಾನವಾಗಿ ಅಲ್ಲ, ಅತಿಯಾಗಿ ಉಸಿರಾಡುತ್ತಿದ್ದೀರಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಾಗ ಹೀಗಾಗುತ್ತದೆ. ಎದೆ ತುಂಬ ಎಳೆಯಬೇಡಿ. ಸಾಧಾರಣ ಪ್ರಮಾಣದ ಉಸಿರೇ ಸಾಕು, ವೇಗ ಮಾತ್ರ ಕಡಿಮೆ. ಉಸಿರು ಕಟ್ಟಿದಂತಾದರೆ 4-6 ಬಿಟ್ಟು 3-4 ಸೆಕೆಂಡಿಗೆ ಬನ್ನಿ, ಎರಡು ವಾರದಲ್ಲಿ ತಾನೇ ಉದ್ದವಾಗುತ್ತದೆ. ಹಣೆ ನೋಯುತ್ತಿದ್ದರೆ ಮುಚ್ಚಿದ ಕಣ್ಣುಗಳನ್ನು ಹುಬ್ಬಿನ ನಡುವೆ ಎತ್ತಿ ಬಿಗಿಹಿಡಿದಿರುತ್ತೀರಿ. ದೃಷ್ಟಿ ಕೆಳಗೆ ಬಿಡಿ, ಹಲ್ಲುಗಳು ಒಂದಕ್ಕೊಂದು ತಾಗದಿರಲಿ. ಯೂಟ್ಯೂಬಿನಲ್ಲಿ ಮಂತ್ರ ಹಾಕಿಕೊಂಡು ಕೂಡುವವರ ಉಸಿರು ಹಾಡಿದವರ ತಾಳಕ್ಕೆ ಓಡುತ್ತದೆ. ಕೇಳುವುದು ಒಳ್ಳೆಯದೇ, ಅದು ಬೇರೆ ಹೊತ್ತಿಗಿರಲಿ.

ಕೆಡುವ ಇನ್ನೊಂದು ಕಡೆ ಎಂದರೆ ಶ್ರಾವಣದ ಜಪ. ಶ್ರಾವಣ ಸೋಮವಾರ ಹಿಡಿದು, ತಿಂಗಳು ಮುಗಿದ ಕೂಡಲೇ ಮಾಲೆ ಗೂಟಕ್ಕೆ ಹೋಗುತ್ತದೆ. ಹಿಡಿಯುವುದಾದರೆ 48 ದಿನದ ಮಂಡಲ ಹಿಡಿಯಿರಿ. ಮೊದಲ 16 ದಿನ 30 ಉಸಿರು, ಮುಂದಿನ 16 ದಿನ 60, ಕೊನೆಯ 16 ದಿನ 108. ನೂರೆಂಟಕ್ಕೆ 18 ನಿಮಿಷ ಬೇಕು. ಅಷ್ಟು ಹೊತ್ತು ಸಿಗದ ಮನೆಗಳೇ ಹೆಚ್ಚು. 30ರಲ್ಲೇ ನಿಂತು ದಿನಾ ಮಾಡುವವರು ವಾರಕ್ಕೆರಡು ಸಲ ನೂರೆಂಟು ಮಾಡುವವರಿಗಿಂತ ಬೇಗ ಫಲ ಕಾಣುತ್ತಾರೆ. ನಳಕ್ಕೆ ನೀರು ಬರುವ ದಿನ, ಮನೆಗೆ ಬೀಗರು ಬಂದ ದಿನ ತಪ್ಪಿಯೇ ತಪ್ಪುತ್ತದೆ. ಅಂದು ರಾತ್ರಿ ಹಾಸಿಗೆಯ ಮೇಲೆ ಕೂತು ಒಂದು ಸುತ್ತು, 10 ಉಸಿರು ಮಾಡಿ ಮಲಗಿ. ಮರುದಿನ ಎರಡರಷ್ಟು ಮಾಡಿ ಬಾಕಿ ತೀರಿಸಲು ಹೋಗಬೇಡಿ. ಜಪ ಸಾಲದ ಕಂತಲ್ಲ.

ಫಲ ಎಂದರೆ ಬೆಳಕು ಕಾಣುವುದು, ಗಂಟೆ ಕೇಳುವುದು ಅಂದುಕೊಂಡವರು ನಿರಾಶರಾಗುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆದಿಡಿ: ಜಪದ ಮೊದಲು ಮತ್ತು ನಂತರ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದ ನಾಡಿ, ಹಾಸಿಗೆಗೆ ಬಿದ್ದ ಮೇಲೆ ನಿದ್ದೆ ಹತ್ತಲು ಹಿಡಿದ ಹೊತ್ತು, ಒಂದು ಜಗಳದ ಕಾವು ಎಷ್ಟು ತಾಸಿಗೆ ಆರಿತು ಎಂಬುದು. ಮೂರನೆಯದು ಎಲ್ಲಕ್ಕಿಂತ ನಂಬಿಕಸ್ತ ಅಳತೆ. ಬೆಳಗಿನ ಜಪ ಕೂಡಿಬಂದವರಿಗೆ ಹಗಲಿನಲ್ಲೂ ಅದು ಕೈಗೆ ಸಿಗುತ್ತದೆ: ಗಂಜಿನಿಂದ ಫೋನ್ ಬಂದಾಗ ಎತ್ತುವ ಮೊದಲು ಒಂದು ಉಸಿರು, ಸಾಹೇಬರ ಚೇಂಬರ್ ಬಾಗಿಲ ಮುಂದೆ ಮೂರು ಉಸಿರು. ಹೆಬ್ಬೆರಳು ಉಂಗುರ ಬೆರಳಿನ ನಡುಗೆಣ್ಣಿಗೆ ತಾಗಿದ ಕೂಡಲೇ ಮೈಗೆ ಗುರುತು ಹತ್ತುತ್ತದೆ.

ಜಪ ಔಷಧಿಯ ಜಾಗಕ್ಕೆ ಬರುವುದಿಲ್ಲ. ಬಿಪಿ ಗುಳಿಗೆ, ಮನೋವೈದ್ಯರು ಕೊಟ್ಟ ಗುಳಿಗೆ ನಿಲ್ಲಿಸಬೇಡಿ. ಕಣ್ಣು ಮುಚ್ಚಿದರೆ ಭಯ ಏರುತ್ತದೆ, ಹಳೆಯ ಆಘಾತ ಎದ್ದುಬರುತ್ತದೆ ಎಂದಾದರೆ ಕಣ್ಣು ತೆರೆದು ಗಟ್ಟಿಯಾಗಿ ಹೇಳಿ. ಆಗಲೂ ಹೆಚ್ಚಾದರೆ ಜಪ ನಿಲ್ಲಿಸಿ ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ವಿಚಾರ ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ಕೊನೆಯ ಉಸಿರು ಎಣಿಸಿದ ಕೂಡಲೇ ಎದ್ದುಬಿಡಬೇಡಿ. ಒಂದು ನಿಮಿಷ ಮಂತ್ರವನ್ನೂ ಬಿಟ್ಟು, ಎಣಿಕೆಯನ್ನೂ ಬಿಟ್ಟು ಸುಮ್ಮನೆ ಕೂಡಿ. ಉಸಿರು ತನ್ನ ಪಾಡಿಗೆ ಹೋಗಿಬರಲಿ. ಆಮೇಲೆ ಅಂಗೈಗಳನ್ನು ಉಜ್ಜಿ ಕಣ್ಣಿಗೆ ಒತ್ತಿಕೊಂಡು, ಕೌದಿ ಮಡಿಚಿಟ್ಟು, ಚಹಾಕ್ಕೆ ನೀರಿಡಿ.