ಡಚ್ ಕಾರ್ಡುಗಳು: ಒಡೆಯುವ ಕ್ರಿಯಾಪದಗಳು ಕೊನೆಗೂ ಕಿವಿಗೆ ದಕ್ಕಿದವು

ಪದಗಳನ್ನು ಮತ್ತೆ ಮತ್ತೆ ಕೇಳಿ ನೆನಪಿನಲ್ಲಿ ಉಳಿಸುವ ಆಂಕಿ ಎಂಬ ಆ್ಯಪಿನಲ್ಲಿ ಕಾರ್ಡು ಮಾಡುವುದು, ಧ್ವನಿ ಸೇರಿಸುವುದು, ‘ಡೆ’ ಮತ್ತು ‘ಹೆಟ್’ ಎಂಬ ಉಪಪದ ಹಿಡಿಯುವ ಡಚ್ ನಾಮಪದಗಳಿಗೆ ಬೇರೆ ಬೇರೆ ಬಣ್ಣ ಕೊಡುವುದು ನಿಮಗೆಲ್ಲ ಗೊತ್ತಿರುವುದರಿಂದ, ಬಹಳ ಕಾಲ ಸತಾಯಿಸಿದ ಒಂದೇ ಸಮಸ್ಯೆಯ ಬಗ್ಗೆ ಬರೆಯುತ್ತೇನೆ. ನೆದರ್ಲೆಂಡ್ಸಿನಲ್ಲಿ ನಾಲ್ಕು ಜನರೊಡನೆ ಬೆರೆಯಲು ಬೇಕಾದ ಕ್ರಿಯಾಪದಗಳಲ್ಲಿ ಬಹಳಷ್ಟು, ಅಂದರೆ ಆಹ್ವಾನಿಸುವುದು, ಭೇಟಿ ಗೊತ್ತುಮಾಡಿಕೊಳ್ಳುವುದು, ಅದನ್ನು ರದ್ದುಪಡಿಸುವುದು, ಮನೆಗೆ ಬಂದು ಹೋಗುವುದು, ಮಾತಿನಲ್ಲಿ ಎರಡು ತುಂಡಾಗುತ್ತವೆ.

‘ಲಾಂಗ್ಸ್‌ಕೋಮೆನ್’ ನಿಘಂಟಿನಲ್ಲಿ ಒಂದೇ ಪದ. ಆದರೆ ನಾಳೆ ಹಾಗೇ ಬಂದು ಹೋಗುತ್ತೇನೆ ಎನ್ನಲು ಪಕ್ಕದ ಮನೆಯವರು ‘ಇಕ್ ಕೊಮ್ ಮೊರ್ಖೆನ್ ಏವೆನ್ ಲಾಂಗ್ಸ್’ ಎನ್ನುತ್ತಾರೆ. ಬಂದು ಹೋದ ಮೇಲೆ ಅದು ‘ಲಾಂಗ್ಸ್‌ಖೆಕೋಮೆನ್’ ಆಗುತ್ತದೆ. ಇಂಗ್ಲಿಷಿನ ‘ಟು’ವಿನಂಥ ‘ತೆ’ ಬಂದರೆ ನಡುವೆ ತೂರಿಕೊಳ್ಳುತ್ತದೆ. ಉಪವಾಕ್ಯದಲ್ಲಿ ಎರಡೂ ತುಂಡುಗಳು ಮತ್ತೆ ಕೂಡಿಕೊಳ್ಳುತ್ತವೆ. 2022ರ ಜನವರಿ 1ರಂದು ಜಾರಿಗೆ ಬಂದ, ವಲಸೆ ಬಂದವರು ಡಚ್ ಕಲಿತು ಇಲ್ಲಿನ ಸಮಾಜದಲ್ಲಿ ಬೆರೆಯಬೇಕೆನ್ನುವ ಇನ್‌ಬ್ಯೂರ್ಖರಿಂಗ್ ಕಾಯ್ದೆಯು ಭಾಷೆಯ ಸಾಮಾನ್ಯ ಗುರಿಯನ್ನು ಆರಂಭಿಕರ ಎ2 ಹಂತದಿಂದ ಮಧ್ಯಮ ಹಂತವಾದ ಬಿ1ಕ್ಕೆ ಏರಿಸಿರುವಾಗ ಈ ರೂಪಗಳನ್ನು ಮುಂದಕ್ಕೆ ತಳ್ಳುವಂತೆಯೂ ಇಲ್ಲ. ಇನ್ನೂ ಕಠಿಣವಾದದ್ದು ಭೇಟಿ ಗೊತ್ತುಮಾಡಿಕೊಳ್ಳುವ ‘ಆಫ್‌ಸ್ಪ್ರೇಕೆನ್’. ಕೊನೆಯ ‘ಆಫ್’ ಕೇಳಿಸದಿದ್ದರೆ ಒಬ್ಬಾತ ಯಾರೊಡನೆಯೋ ಮಾತಾಡುತ್ತಾನೆ ಎಂದಷ್ಟೇ ಅರ್ಥ. ಕೇಳಿಸಿದರೆ ಭೇಟಿ ನಿಗದಿಯಾಗಿದೆ ಎಂದರ್ಥ. ಭೇಟಿಯನ್ನು ರದ್ದುಪಡಿಸುವ ‘ಆಫ್‌ಝೆಖೆನ್’ ಕೂಡ ಒಡೆದಾಗ ಅದೇ ‘ಆಫ್’ನಲ್ಲಿ ಮುಗಿಯುವುದರಿಂದ ವಾಕ್ಯದ ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಲೇಬೇಕು.

ದುಡ್ಡು ಕೊಟ್ಟು ತರಿಸಿಕೊಂಡ ಮುದ್ರಿತ ಕಾರ್ಡುಗಳ ಪೆಟ್ಟಿಗೆಯಲ್ಲಿ ಇವೆಲ್ಲ ಮೂಲರೂಪದಲ್ಲೇ, ಅಕಾರಾದಿಯಾಗಿ, ಒಂದು ಉದಾಹರಣೆ ವಾಕ್ಯವೂ ಇಲ್ಲದೆ ಕುಳಿತಿವೆ. ಉಚ್ಚಾರಣೆಯಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬ ಗುರುತೂ ಇಲ್ಲ. ‘ಫೋರ್‌ಕೋಮೆನ್’ ಎಂಬಲ್ಲಿ ಮೊದಲ ತುಂಡಿಗೆ ಒತ್ತು ಬಿದ್ದರೆ ಸಂಭವಿಸು ಎಂದರ್ಥವಾಗಿ ಪದ ಒಡೆಯುತ್ತದೆ, ಎರಡನೆಯದಕ್ಕೆ ಬಿದ್ದರೆ ತಡೆಗಟ್ಟು ಎಂದರ್ಥವಾಗಿ ಒಡೆಯುವುದೇ ಇಲ್ಲ. ಕಲಿಯುವವರಿಗೆ ಮಾರುವ ಸರಕಿನಲ್ಲಿ ಇಷ್ಟನ್ನೂ ಗುರುತಿಸದಿರುವುದು ನನಗೆ ನಿಜಕ್ಕೂ ಸಿಟ್ಟು ತರಿಸಿದೆ.

ಆದ್ದರಿಂದ ಪೆಟ್ಟಿಗೆಯನ್ನು ಬದಿಗಿಟ್ಟು ಹೊಸ ಕಾರ್ಡುಗಳನ್ನು ಮಾಡಿದೆ. ಮುಂಬದಿಯಲ್ಲಿ ಪಠ್ಯವಿಲ್ಲ, ಕೊನೆಯ ತುಂಡನ್ನು ಕತ್ತರಿಸಿದ ವಾಕ್ಯದ ಧ್ವನಿ ಮಾತ್ರ ಇದೆ, ಆ ತುಂಡನ್ನು ನಾನೇ ಹೇಳಬೇಕು. ಗ್ರಂಥಾಲಯದ ಭಾಷಾ ಕೆಫೆಗೆ ಬರುವ ಸ್ವಯಂಸೇವಕರು ಪ್ರೀತಿಯಿಂದ ತಮ್ಮ ದನಿ ಕೊಟ್ಟರು. ಕನ್ನಡದ ಕಿವಿಗೆ ಈ ಕಾಯುವಿಕೆ ಹೊಸದಲ್ಲ: ‘ನಾಳೆ ಸಂಜೆ ನಿಮ್ಮ ಮನೆಗೆ ಊಟಕ್ಕೆ’ ಎಂದವರು ಬರುತ್ತಾರೋ ಇಲ್ಲವೋ ಎಂಬುದು ನಮಗೂ ಕೊನೆಯ ಪದದಲ್ಲೇ ತಿಳಿಯುತ್ತದೆ. ಹೀಗೆ ಕೇಳಲು ತೊಡಗಿದ ಮೇಲೆ ಕಾರ್ಡುಗಳು ಸರಸರನೆ ಮುಂದೆ ಸಾಗಿದವು. ಮೊನ್ನೆ ಅಲ್ಲಿನ ಹಿರಿಯರೊಬ್ಬರು ಊಟಕ್ಕೆ ಕರೆಯುತ್ತ ‘ನೇಮ್ ಯೆ ಮೂಡರ್ ಓಕ್ ಮೇ’, ಅಂದರೆ ತಾಯಿಯನ್ನೂ ಕರೆದುಕೊಂಡು ಬಾ ಎಂದಾಗ, ಕೊನೆಯ ‘ಮೇ’ ಬರುವ ಮುನ್ನವೇ ಅದು ನನ್ನ ಮನಸ್ಸಿನಲ್ಲಿತ್ತು. ಆ ಸಂತೋಷ ಇನ್ನೂ ಇಳಿದಿಲ್ಲ.

ಮುಂದಿನ ಕಟ್ಟು ಹುಟ್ಟುಹಬ್ಬಗಳದು. ಇಲ್ಲಿ ಹುಟ್ಟುಹಬ್ಬದವರನ್ನಷ್ಟೇ ಅಲ್ಲದೆ ಅವರ ತಂದೆ, ತಾಯಿ, ಸಂಗಾತಿ ಎಲ್ಲರನ್ನೂ ಸರದಿಯಂತೆ ಅಭಿನಂದಿಸುವ ರೂಢಿಯಿದೆ. ಆದ್ದರಿಂದ ‘ಖೆಫೆಲಿಸಿಟೇರ್ಟ್ ಮೆಟ್’ ಎಂಬುದರ ಮುಂದೆ ಬರುವ ಬಂಧುವಾಚಕಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಸೇರಿಸಬೇಕು. ಅದರ ಜೊತೆಗೇ ಮಗು ಹುಟ್ಟಿದ ಮನೆಗೆ ಹೋದಾಗ ಕೊಡುವ, ಸಕ್ಕರೆ ಲೇಪಿಸಿದ ಸೋಂಪು ಉದುರಿಸಿದ ‘ಬೆಸ್ಖೌಟ್ ಮೆಟ್ ಮೌಶೆಸ್’ ಎಂಬ ರಸ್ಕ್ ತಿನ್ನುತ್ತ ಆಡುವ ಮಾತುಗಳನ್ನೂ ಧ್ವನಿಮುದ್ರಿಸಿಕೊಳ್ಳುವ ಯೋಚನೆಯಿದೆ.