ರಿಪೋರ್ಟ್ ಇನ್ನೂ ಬಂದಿಲ್ಲ

ಕುತ್ತಿಗೇಲಿರೋ ಥೈರಾಯ್ಡ್ ಗ್ರಂಥಿಯ ಗಂಟಿಗೆ ಆಪರೇಷನ್ ಆಗಿ ಇವತ್ತಿಗೆ 9 ದಿನ, ಅದು ಕ್ಯಾನ್ಸರ್ ಹೌದೋ ಅಲ್ವೋ ಅನ್ನೋ ರಿಪೋರ್ಟಿಗೆ ಕಾಯ್ತಿದೀವಿ. ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿದ್ದೆ, ಇನ್ನೆರಡು ದಿನ ಆಗತ್ತೆ ಮೇಡಂ ಅಂದ್ರು.

ಗಂಟು ಮೊದಲು ನೋಡಿದ್ದು ಅವ್ವ. ನಾನು ತಲೆ ಎತ್ತಿ ಚೊಂಬಲ್ಲಿ ನೀರು ಕುಡೀತಿದ್ದೆ, ಕುತ್ತಿಗೆ ಎಡಗಡೆ ಏನೋ ಮೇಲಕ್ಕೆ ಹೋಗಿ ಕೆಳಕ್ಕೆ ಬಂತಲ್ಲ ಕಣವ್ವ ಅಂದ್ಲು. ಮಂಡ್ಯದಲ್ಲೇ ಬ್ಲಡ್ ಟೆಸ್ಟ್ ಮಾಡಿಸಿದ್ವಿ, ಟಿಎಸ್‌ಎಚ್ ನಾರ್ಮಲ್ ಬಂತು, ಎಲ್ರೂ ಸಮಾಧಾನ ಆದ್ರು. ಆ ಟೆಸ್ಟು ಗ್ರಂಥಿ ಹೆಂಗೆ ಕೆಲಸ ಮಾಡ್ತಿದೆ ಅಂತ ಹೇಳತ್ತೆ ಅಷ್ಟೆ, ಒಳಗಿರೋ ಗಂಟು ಎಂಥದ್ದು ಅಂತ ಹೇಳಲ್ಲ ಅನ್ನೋದು ನಮಗೆ ಆಮೇಲೆ ಗೊತ್ತಾಯ್ತು. ಸ್ಕ್ಯಾನಿಂಗ್ ಆಯ್ತು, ಸೂಜಿ ಹಾಕಿ ತೆಗೆಯೋ ಎಫ್‌ಎನ್‌ಎಸಿ ಆಯ್ತು. ಫಾಲಿಕ್ಯುಲರ್ ನಿಯೋಪ್ಲಾಸಂ, ಅಂದ್ರೆ ಥೈರಾಯ್ಡ್ ಜೀವಕೋಶದಿಂದ ಬೆಳೆಯೋ ಒಂದು ಥರದ ಗಂಟು, ಬೆಥೆಸ್ಡಾ ಅನ್ನೋ 6 ದರ್ಜೆಯ ಪಟ್ಟೀಲಿ 4 ಅಂತ ಬಂತು. ಕ್ಯಾನ್ಸರ್ ಅನ್ನಂಗೂ ಇಲ್ಲ, ಅಲ್ಲ ಅನ್ನಂಗೂ ಇಲ್ಲ.

ಸೂಜಿಯಲ್ಲಿ ಬರೋದು ಬಿಡಿ ಬಿಡಿ ಜೀವಕೋಶ, ಅದನ್ನ ನೋಡಿ ಈ ಥರದ ಗಂಟನ್ನ ತೀರ್ಮಾನ ಮಾಡಕ್ಕಾಗಲ್ಲ ಅಂದ್ರು ಡಾಕ್ಟ್ರು. ಗಂಟಿನ ಸುತ್ತ ಒಂದು ಪೊರೆ ಇರತ್ತಂತೆ, ಆ ಪೊರೆ ದಾಟಿದ್ರೆ ಇಲ್ಲಾ ರಕ್ತನಾಳದೊಳಗೆ ನುಗ್ಗಿದ್ರೆ ಕ್ಯಾನ್ಸರ್, ಇಲ್ಲಾಂದ್ರೆ ಬರೀ ಗಂಟು. ಅದಕ್ಕೆ ಎಡಗಡೆ ಅರ್ಧ ಥೈರಾಯ್ಡ್ ಪೂರ್ತಿ ತೆಗೆದು ಲ್ಯಾಬಿಗೆ ಕಳಿಸಬೇಕು. ಅವ್ವ ಪಕ್ಕದಲ್ಲೇ ಕೂತಿದ್ಲು, "ಅಂದ್ರೆ ಬದು ಒಡ್ಕೊಂಡು ಪಕ್ಕದ ಗದ್ದೆಗೆ ಹೋಗೈತಾ ಅಂತ ನೋಡ್ತಾರೆ ಅನ್ನಿ" ಅಂದ್ಲು. ಡಾಕ್ಟ್ರು ಹೌದಮ್ಮ ಅಷ್ಟೇ ಅಂದ್ರು.

ಈ 9 ದಿನದಲ್ಲಿ ನನ್ನ ಕೈ ಹಿಡಿದಿರೋದು ಆ ಬದುವಿನ ಮಾತೇ. ಯಾಕಂದ್ರೆ ಮೊದಮೊದಲು ರಿಪೋರ್ಟ್ ತಡ ಆಗ್ತಿದ್ರೆ ಏನೋ ಕೆಟ್ಟದ್ದು ಸಿಕ್ಕಿದೆ ಅದಕ್ಕೇ ಹೇಳ್ತಿಲ್ಲ ಅನ್ಕೋತಿದ್ದೆ, ರಾತ್ರಿ ಮೂರು ಗಂಟೆಗೆ ಎದ್ದು ಮೊಬೈಲ್ ನೋಡೋದು, ಸರ್ಚ್ ಮಾಡೋದು, ಇನ್ನೂ ಹೆದರೋದು. ಈಗ ಗೊತ್ತು, ಆ ತುಂಡನ್ನ ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕುಯ್ದು, ಬಣ್ಣ ಹಾಕಿ, ಆಮೇಲೆ ಯಾರೋ ಒಬ್ರು ಮೈಕ್ರೋಸ್ಕೋಪಲ್ಲಿ ಬದು ಉದ್ದಕ್ಕೂ ನಡ್ಕೊಂಡು ಹೋಗಿ ಎಲ್ಲಿ ಒಡೆದಿದೆ ಅಂತ ಹುಡುಕ್ತಾರೆ. ಅವಸರ ಮಾಡದೇ ನೋಡ್ಲಿ. ಇದನ್ನ ನಾನು ಮನಸ್ಸಿಂದ ಹೇಳ್ತಿದೀನಿ.

ಏನೂ ಆಗಲ್ಲ ಬಿಡು ಅನ್ನೋರ ಫೋನ್ ಎತ್ತೋದು ಕಮ್ಮಿ ಮಾಡಿದೀನಿ. ಪ್ರೀತಿಯಿಂದ್ಲೇ ಹೇಳ್ತಾರೆ, ಆದ್ರೆ ಅಷ್ಟು ಹೇಳಿದ ಮೇಲೆ ನನಗೆ ಹೆದರಿಕೆ ಆಗ್ತಿದೆ ಅನ್ನಕ್ಕೆ ಜಾಗನೇ ಇರಲ್ಲ. ಥೈರಾಯ್ಡ್ ಕ್ಯಾನ್ಸರ್ ತಾನೆ, ವಾಸಿ ಆಗತ್ತೆ ಅಂತಾನೂ ಅಂತಾರೆ, ಅದು ಹೆಚ್ಚಿನವರ ವಿಷಯದಲ್ಲಿ ನಿಜಾನೇ. ಆದ್ರೂ ಹಂಗೇನಾದ್ರೂ ಆದ್ರೆ ಉಳಿದರ್ಧನೂ ತೆಗೀಬೇಕಾಗಬಹುದು, ರೇಡಿಯೋ ಅಯೋಡಿನ್ ಅನ್ನೋ ವಿಕಿರಣದ ಔಷಧಿ ಕೊಟ್ರೆ ಒಂದಷ್ಟು ದಿನ ಮಗಳಿಂದ ದೂರ ಇರಬೇಕು, ಅವಳಿನ್ನೂ ಎರಡನೇ ಕ್ಲಾಸು, ರಾತ್ರಿ ನನ್ನ ಸೆರಗು ಹಿಡ್ಕೊಂಡೇ ಮಲಗೋದು.

ಅವ್ವ ಒಂದ್ಸಲನೂ ಏನೂ ಆಗಲ್ಲ ಅಂದಿಲ್ಲ. ಗಂಜಾಂಗೆ ಹೋಗಿ ನಿಮಿಷಾಂಬ ತಾಯಿ ಮುಂದೆ ಕೂತು ಬಂದ್ಲು, ಏನು ಬೇಡ್ಕೊಂಡೆ ಅಂತ ನಾನು ಕೇಳಲಿಲ್ಲ. ಮೊದಲ ನಾಲ್ಕು ದಿನ ಬರೀ ಗಂಜಿ ಕೊಟ್ಲು, ಐದನೇ ದಿನ ನಿಂಬೆಹಣ್ಣಿಗಿಂತ ಚಿಕ್ಕ ಮುದ್ದೆ ಕಟ್ಟಿ ಬಸ್ಸಾರಲ್ಲಿ ಅದ್ದಿ ಕೈಗೆ ಕೊಟ್ಟು ನನ್ನ ಗಂಟಲನ್ನೇ ನೋಡ್ತಾ ಕೂತ್ಲು. ಹೊಲಿಗೆ ಎಳೀತು, ಆದ್ರೂ ಇಳೀತು. ಇಬ್ಬರ ಕಣ್ಣಲ್ಲೂ ನೀರು.

ದನಿ ಇನ್ನೂ ಗೊಗ್ಗರು. ದನಿಯ ನರ ಆ ಗ್ರಂಥಿ ಬೆನ್ನಿಗೇ ಅಂಟ್ಕೊಂಡಂಗೆ ಹೋಗತ್ತಂತೆ, ಸರಿಹೋಗಬಹುದು ಸ್ವಲ್ಪ ಟೈಮ್ ಕೊಡಿ ಅಂದಿದಾರೆ. ಸ್ಕೂಲಲ್ಲಿ ಮಗ್ಗಿ ಹೇಳಿಸೋ ನನಗೆ ಅದೂ ಒಂದು ಚಿಂತೆ. ತಾಳಿ ಸರ ಬಿಚ್ಚಿಟ್ಟಿದ್ದು ಇನ್ನೂ ಹಾಕ್ಕೊಂಡಿಲ್ಲ, ಸರಿಯಾಗಿ ಗಾಯದ ಮೇಲೇ ಕೂರತ್ತೆ. ಅವ್ವನೇ ಅದನ್ನ ಅರಿಶಿನದ ಬಟ್ಟೇಲಿ ಸುತ್ತಿ ದೇವರ ಮನೇಲಿ ಇಟ್ಟವ್ಳೆ.

ರಿಪೋರ್ಟ್ ವಾಟ್ಸಾಪಲ್ಲಿ ಕಳಿಸಬೇಡಿ ಅಂತ ಹೇಳಿದೀನಿ. ಮನೇಲಿ ಕೂತು ಅರ್ಥ ಆಗದ ಪದ ಓದೋದು ಬೇಡ, ಹೋಗಿ ಡಾಕ್ಟ್ರ ಬಾಯಲ್ಲೇ ಕೇಳ್ತೀವಿ. ಗುರುವಾರ ಬೆಳಿಗ್ಗೆ ರೈಲಿಗೆ ನಾನು, ಇವ್ರು, ಅವ್ವ. ಚಿತ್ರಾನ್ನಕ್ಕೆ ಅಂತ ಅವ್ವ ಆಗ್ಲೇ ನಿಂಬೆಹಣ್ಣು ತಂದಿಟ್ಟವ್ಳೆ.